ಅಪ್‌ಡೇಟ್: ಅಪ್ಪ ಅಮ್ಮನಿಗೆ ತುರ್ತು ಹೊತ್ತಿನ ಇಟಾಲಿಯನ್

ಮಿಲಾನ್‌ನಲ್ಲಿ ಓದುತ್ತಿರುವ ತಂಗಿಯನ್ನು ನೋಡಲು ಅಪ್ಪ ಅಮ್ಮ ಹೊರಟಿದ್ದಾರೆ, ತುರ್ತಿಗೆ ಯಾವ ಇಟಾಲಿಯನ್ ಮಾತು ಕಲಿಸಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಬ್ಬರೂ ಈಗ ಅಲ್ಲೇ ಆರಾಮಾಗಿದ್ದಾರೆ.

ಉದ್ದ ಪಟ್ಟಿ ಬಿಟ್ಟು, ಕೂಗಿ ಹೇಳುವ ಮಾತುಗಳಿಂದ ಶುರು ಮಾಡಿದೆವು. ‘ಅಯೂತೊ!’ ಅಂದರೆ ಕಾಪಾಡಿ. ‘ಕಿಯಾಮಿ ಉನಂಬುಲಾಂತ್ಸಾ’ ಅಂದರೆ ಆಂಬುಲೆನ್ಸ್ ಕರೆಯಿರಿ. ಅಪ್ಪನಿಗೆ ಪೆನಿಸಿಲಿನ್ ಆಗಲ್ಲ. ಹಾಗಾಗಿ ‘ಸೋನೊ ಅಲ್ಲೆರ್ಜಿಕೊ ಅಲ್ಲಾ ಪೆನಿಚಿಲ್ಲೀನಾ’ ಎಂಬುದನ್ನು ಬಾಯಿಪಾಠ ಮಾಡಿಸಿದೆ, ಚೀಟಿಯಲ್ಲೂ ಬರೆದು ಪರ್ಸಿಗೆ ಹಾಕಿದೆ. ಹೆಂಗಸರು ‘ಅಲ್ಲೆರ್ಜಿಕಾ’ ಅನ್ನಬೇಕು.

ಬೋರ್ಡುಗಳಲ್ಲಿ ‘ಪೆರೀಕೊಲೊ’ ಅಪಾಯ, ‘ವಿಯೆತಾತೊ’ ನಿಷೇಧ. ಆಸ್ಪತ್ರೆಯಲ್ಲಿ ‘ಪ್ರೊಂತೊ ಸೊಕ್ಕೊರ್ಸೊ’ ಹುಡುಕಬೇಕು, ಅದೇ ತುರ್ತು ಚಿಕಿತ್ಸಾ ವಿಭಾಗ. ರೈಲ್ವೆ ಸ್ಟೇಷನ್ನಿನಲ್ಲಿ ‘ಲೀನೆಆ ಜಾಲ್ಲಾ’ ಎಂದು ಕೇಳಿಸಿದರೆ ಹಳದಿ ಗೆರೆಯಿಂದ ಹಿಂದೆ ಸರಿಯಿರಿ. ಅಮ್ಮನಿಗೆ ಇದು ಬೇಗ ಹಿಡಿಸಿತು.

ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು ಅಲ್ಲಿನ ತುರ್ತು ಕರೆಯ ನಂಬರ್ 112. ನಮ್ಮಲ್ಲೂ ಅದೇ ನಂಬರ್ ಅಲ್ವಾ, ಹೊಸದಾಗಿ ಕಲಿಸಬೇಕಾಗಲಿಲ್ಲ. ಅಲ್ಲಿ ಬೇರೆ ಭಾಷೆಯವರಿಗೆ ದುಭಾಷಿಯನ್ನು ಲೈನಿಗೆ ಸೇರಿಸುವ ವ್ಯವಸ್ಥೆಯೂ ಇದೆ. ‘ವೇರ್ ಆರ್ ಯು’ ಎಂಬ ಆ್ಯಪ್ ಹಾಕಿಕೊಟ್ಟಿದ್ದೇವೆ. ಅದರಿಂದ ಕರೆ ಮಾಡಿದರೆ ಜಾಗದ ವಿವರ ತಾನಾಗಿಯೇ ಹೋಗುತ್ತದೆ, ವಿಳಾಸ ಹೇಳಲು ಪರದಾಡಬೇಕಿಲ್ಲ.

ಮುಂದಿನ ವಾರ ಬೆಟ್ಟದ ಕಡೆ ಹೋಗುತ್ತಾರಂತೆ. ‘ಕಾದೂತಾ ಮಾಸ್ಸಿ’, ಅಂದರೆ ಬಂಡೆ ಉರುಳುವ ಜಾಗ, ಇದನ್ನು ಆಗಲೇ ಹೇಳಿದ್ದೇನೆ. ಬೆಟ್ಟಕ್ಕೆ ಬೇಕಾದ್ದು ಇನ್ನೇನಾದರೂ ಇದ್ದರೆ ತಿಳಿಸಿ.