ಅಪ್‌ಡೇಟ್: ಆಡಿಟರ್ ಆಫೀಸಿನ ಕೆಲಸಕ್ಕೆ ಕ್ರೆಡಿಟ್ ಸಿಕ್ತು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಆಡಿಟರ್ ಒಬ್ಬರ ಹತ್ರ ಸಂಜೆ ಕೆಲಸ ಮಾಡ್ತೀನಿ, ಅದನ್ನೇ ಬಿಕಾಂ ಇಂಟರ್ನ್‌ಶಿಪ್ ಅಂತ ತೋರಿಸಬಹುದಾ ಅಂತ ಕೇಳಿದ್ದೆನಲ್ಲ, ಆಗಿದೆ. ಡಿಗ್ರಿ ಲೆಕ್ಕಕ್ಕೆ ಸೇರೋ 4 ಕ್ರೆಡಿಟ್!

ಆದ್ರೆ ಕಾಲೇಜಿಗೆ ಅರ್ಜಿ ಕೊಡೋದಕ್ಕೂ ಮೊದಲು ಮಾಡಿದ ಎಂಟು ತಿಂಗಳ ಕೆಲಸ ಲೆಕ್ಕಕ್ಕೇ ಬರಲಿಲ್ಲ. ಕಾಲೇಜಿನ ಒಪ್ಪಿಗೆ ಮೊದಲೇ ತಗೊಂಡಿರಬೇಕಿತ್ತು, ಮಾರ್ಗದರ್ಶಕರೂ ಇರಬೇಕಿತ್ತು. ಮೊದಲ ಸೆಮಿಸ್ಟರ್‌ನಲ್ಲೇ ಯಾರಾದ್ರೂ ಹೇಳಬಾರದಿತ್ತಾ? ತುಂಬಾ ಬೇಜಾರಾಯ್ತು. ಕಾಲೇಜಿನ ಮೇಡಂ ಮಾತ್ರ “ಹೋದದ್ದು ಹೋಯ್ತು, ಇವತ್ತೇ ಅರ್ಜಿ ಬರಿಯಮ್ಮ” ಅಂತ ಎದುರಿಗೆ ಕೂರಿಸಿ ಬರೆಸಿದ್ರು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ನ 1 ಕ್ರೆಡಿಟ್‌ಗೆ 30 ಗಂಟೆ. ನಂಗೆ ಒಟ್ಟು 120 ಗಂಟೆ ಬೇಕಾಯ್ತು.

ಕೈ ಹಿಡಿದದ್ದು ದಿನಚರಿ ಪುಸ್ತಕ. ಬರೀ “ಟ್ಯಾಲಿ ಎಂಟ್ರಿ ಮಾಡಿದೆ” (ಟ್ಯಾಲಿ ಅಂದ್ರೆ ಲೆಕ್ಕ ಬರೆಯೋ ಸಾಫ್ಟ್‌ವೇರ್) ಅಂತ ಬರೆದ ಪುಟಗಳನ್ನ ಮೇಡಂ ವಾಪಸ್ ಕೊಟ್ರು. ಆಮೇಲೆ ಹೀಗೆ ಬರೆದೆ: “ಮಂಡಕ್ಕಿ ವ್ಯಾಪಾರಿಯ 3 ಖರೀದಿ ಬಿಲ್‌ಗಳಲ್ಲಿ ಜಿಎಸ್‌ಟಿ ನಂಬರ್ ತಪ್ಪಿತ್ತು, ಫೋನ್ ಮಾಡಿ ಸರಿಪಡಿಸಿದೆ.” ತಿಂಗಳ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ ಕೊಡೋ ಜಿಎಸ್‌ಟಿ ರಿಟರ್ನ್) 11ನೇ ತಾರೀಖು ಕೊನೆ, ಹಾಗಾಗಿ 9, 10ರಂದು ರಾತ್ರಿ ಒಂಬತ್ತಾಗ್ತಿತ್ತು. ಆ ಗಂಟೆಗಳಿಗೂ ಆಡಿಟರ್ ಸರ್ ಅವತ್ತೇ ಸಹಿ ಹಾಕ್ತಿದ್ರು. ಅಪ್ಪ ಸ್ಕೂಟರ್ ತಗೊಂಡು ಕೆಳಗೆ ಕಾಯ್ತಿದ್ರು.

ಇನ್ನೊಂದು, ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ಕ್ರೆಡಿಟ್ ಜಮಾ ಆಗೋ ಖಾತೆಯ ನಂಬರ್) ಈಗಲೇ ಮಾಡ್ಕೊಳ್ಳಿ. ನನ್ನ ಇನಿಷಿಯಲ್ ಆಧಾರ್‌ನಲ್ಲಿ ಒಂಥರ, ಅಂಕಪಟ್ಟಿಯಲ್ಲಿ ಒಂಥರ ಇದ್ದು ಎರಡು ವಾರ ಓಡಾಡಿದೆ.

ಸಂಬಳ ನಿಲ್ಲುತ್ತಾ ಅಂತ ಕೇಳಿದ್ದವರಿಗೆ: ನಂಗೆ ನಿಲ್ಲಲಿಲ್ಲ, ಕಾಲೇಜಿನವರೂ ತಕರಾರು ಮಾಡಲಿಲ್ಲ.