ಮನೆಯಲ್ಲಿ ಮೂರು ಕಂಪ್ಯೂಟರ್, ಒಂದೇ ಒನ್‌ಡ್ರೈವ್: ಯಾವುದರಲ್ಲಿ ಏನು ಉಳಿಸಿಕೊಳ್ಳಬೇಕು?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮೂರರಲ್ಲೂ ವಿಂಡೋಸ್ 11, ಒಂದೇ ಖಾತೆ. ಒನ್‌ಡ್ರೈವ್‌ನ (ಮೈಕ್ರೋಸಾಫ್ಟ್‌ನ ಕ್ಲೌಡ್, ಅಂದರೆ ಅಂತರ್ಜಾಲದಲ್ಲಿನ ಸಂಗ್ರಹ) 1 ಟಿಬಿಯಲ್ಲಿ 410 ಜಿಬಿ ತುಂಬಿದೆ, ಅದರಲ್ಲಿ 290 ಜಿಬಿ ಬರೀ ಫೋಟೊ, ವಿಡಿಯೊ. ಮೊದಲ ಲ್ಯಾಪ್‌ಟಾಪ್ 256 ಜಿಬಿಯದು, ಸಿ ಡ್ರೈವ್‌ನಲ್ಲಿ ಉಳಿದಿರುವುದು 9 ಜಿಬಿ. ಎರಡನೆಯದು 128 ಜಿಬಿ. ಡೆಸ್ಕ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಜೊತೆಗೆ 1 ಟಿಬಿ ಹಾರ್ಡ್‌ಡಿಸ್ಕ್ (ಡಿ ಡ್ರೈವ್) ಇದೆ, ಅದಕ್ಕಿನ್ನೂ ಒನ್‌ಡ್ರೈವ್ ಜೋಡಿಸಿಲ್ಲ. ಅದೇ 410 ಜಿಬಿಯ ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿದೆ.

ಲ್ಯಾಪ್‌ಟಾಪ್‌ನಲ್ಲಿ ಏನೂ ಅಳಿಸದೆ ಜಾಗ ಮಾಡಿಕೊಳ್ಳುವುದು ಹೇಗೆ? ಡೆಸ್ಕ್‌ಟಾಪ್‌ಗೆ ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡದೆ ಇಳಿಸಬಹುದೇ? ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರನ್ನೂ ಒನ್‌ಡ್ರೈವ್‌ನೊಳಗೇ ಇಟ್ಟು ಎರಡು ಕಡೆ ತೆರೆಯಬಹುದೇ?

ಕಡತಕೋಶ:
ಮೂರು ಯಂತ್ರದಲ್ಲೂ ಎಲ್ಲವೂ ಇರಬೇಕು ಅನ್ನುವುದನ್ನು ಮೊದಲು ಕೈಬಿಡಿ. 256 ಜಿಬಿ ಡಿಸ್ಕನ್ನು ವಿಂಡೋಸ್ ತೋರಿಸುವುದೇ 238 ಜಿಬಿ ಎಂದು, ಅದರಲ್ಲಿ 410 ಹಿಡಿಸುವ ಮಾತೇ ಇಲ್ಲ. ಪೂರ್ತಿ ಪ್ರತಿ ಡೆಸ್ಕ್‌ಟಾಪ್‌ನ ಡಿ ಡ್ರೈವ್‌ನಲ್ಲಿ ಮಾತ್ರ ಇರಲಿ. ಲ್ಯಾಪ್‌ಟಾಪ್‌ಗಳಲ್ಲಿ ಹೆಸರು ಮಾತ್ರ ಕಾಣಲಿ, ಬೇಕಾದಾಗ ಫೈಲ್ ಇಳಿಯಲಿ.

ಲ್ಯಾಪ್‌ಟಾಪ್‌ನಲ್ಲಿ ಫೋಟೊ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿ. ಒತ್ತುವ ಮೊದಲು ಸಿಂಕ್ (ಕಂಪ್ಯೂಟರ್ ಮತ್ತು ಕ್ಲೌಡ್‌ನ ಫೈಲ್‌ಗಳನ್ನು ಸರಿಹೊಂದಿಸುವುದು) ಮುಗಿದಿರಬೇಕು, ಇನ್ನೂ ಮೇಲೇರದ ಫೈಲ್ ಜಾಗ ಬಿಡುವುದಿಲ್ಲ. ನೀಲಿ ಮೋಡದ ಗುರುತು ಬಂದರೆ ಫೈಲ್ ಕ್ಲೌಡ್‌ನಲ್ಲಿ ಮಾತ್ರ ಇದೆ ಎಂದರ್ಥ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಇಲ್ಲೂ ಇದೆ, ಬೇಕಾದಾಗ ಖಾಲಿಯಾಗಬಹುದು. ತುಂಬು ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಅದು ಇಲ್ಲೇ ಖಾಯಂ. ಅನುಮಾನ ಬಂದರೆ ಪ್ರಾಪರ್ಟೀಸ್ ತೆರೆದು 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎರಡನ್ನೂ ನೋಡಿ. ಮೊದಲನೆಯದು 4 ಜಿಬಿ, ಎರಡನೆಯದು 0 ಬೈಟ್ ಎಂದಿದ್ದರೆ ಜಾಗ ನಿಜವಾಗಿಯೂ ಖಾಲಿಯಾಗಿದೆ.

ಆದರೆ ಡಿಲೀಟ್ ಒತ್ತಬೇಡಿ. ಡಿಲೀಟ್ ಅಂದರೆ ಮೂರೂ ಕಡೆಯಿಂದ, ಕ್ಲೌಡ್‌ನಿಂದಲೂ ಹೋಗುತ್ತದೆ. ಅದರಲ್ಲೂ ಮೋಡದ ಗುರುತಿನ ಫೈಲನ್ನು ಅಳಿಸಿದರೆ ಅದು ಆ ಲ್ಯಾಪ್‌ಟಾಪ್‌ನ ರೀಸೈಕಲ್ ಬಿನ್‌ಗೆ ಬರುವುದೇ ಇಲ್ಲ. ಒನ್‌ಡ್ರೈವ್ ವೆಬ್‌ಸೈಟ್‌ನ ರೀಸೈಕಲ್ ಬಿನ್‌ನಲ್ಲಿ ಹುಡುಕಬೇಕು, ವೈಯಕ್ತಿಕ ಖಾತೆಯಲ್ಲಿ ಅಲ್ಲಿರುವುದು 30 ದಿನ.

ಒಮ್ಮೆ ಖಾಲಿ ಮಾಡಿದ ಜಾಗ ವಾರದೊಳಗೆ ಮತ್ತೆ ತುಂಬುವುದೂ ಉಂಟು. ಫೈಲನ್ನು ಯಾವುದಾದರೂ ಪ್ರೋಗ್ರಾಂ ಓದಿದರೆ ಸಾಕು, ಅದು ಕೆಳಗಿಳಿಯುತ್ತದೆ. ಫೋಲ್ಡರನ್ನು ಜಿಪ್ ಮಾಡಿದರೂ, ಬ್ಯಾಕಪ್ ಸಾಫ್ಟ್‌ವೇರ್ ಆ ಫೋಲ್ಡರನ್ನು ಹೊಕ್ಕರೂ ಇದೇ ಕತೆ. ಹಾಗಾಗಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಸ್ಟೋರೇಜ್ ಸೆನ್ಸ್‌ಗೆ ಹೋಗಿ ಒನ್‌ಡ್ರೈವ್ ವಿಭಾಗದಲ್ಲಿ 14 ದಿನ ಅಥವಾ 30 ದಿನ ಆರಿಸಿ. ಅಷ್ಟು ದಿನ ತೆರೆಯದ ಫೈಲ್ ತಾನಾಗಿ ಕ್ಲೌಡ್‌ಗೆ ಮರಳುತ್ತದೆ. ತುಂಬು ಹಸಿರಿನ ಫೈಲ್‌ಗಳ ತಂಟೆಗೆ ಅದು ಹೋಗುವುದಿಲ್ಲ. ಊರಿಗೆ ಹೊರಡುವ ಮುನ್ನ, ನೆಟ್ ಇಲ್ಲದ ಕಡೆ ಬೇಕಾಗುವ ಒಂದೆರಡು ಫೋಲ್ಡರ್‌ಗೆ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟಿರಿ.

128 ಜಿಬಿಯ ಯಂತ್ರದಲ್ಲಿ ಹೆಸರೂ ಕಾಣಬೇಕಿಲ್ಲ ಎಂದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನ 'ಚೂಸ್ ಫೋಲ್ಡರ್ಸ್'ನಲ್ಲಿ ಫೋಟೊ ಫೋಲ್ಡರಿನ ಟಿಕ್ ತೆಗೆಯಿರಿ. ಅದು ಅಲ್ಲಿಂದ ಮಾತ್ರ ಮರೆಯಾಗುತ್ತದೆ, ಉಳಿದ ಕಡೆ ಹಾಗೇ ಇರುತ್ತದೆ.

ಹಾರ್ಡ್‌ಡಿಸ್ಕ್_ಹುಬ್ಬಳ್ಳಿ:
ಡೆಸ್ಕ್‌ಟಾಪ್ ವಿಷಯಕ್ಕೆ ಬರೋಣ. 410 ಜಿಬಿ ಇಳಿಯಲು 50 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ 18 ಗಂಟೆ ಬೇಕು. ಎಕ್ಸ್‌ಟರ್ನಲ್ ಡಿಸ್ಕ್ ಇರುವಾಗ ಆ ಗೋಜು ಬೇಡ.

ಡಿ ಡ್ರೈವ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಬೇಕು, ಎಕ್ಸ್‌ಫ್ಯಾಟ್ ಆಗಿದ್ದರೆ ಒನ್‌ಡ್ರೈವ್ ಒಪ್ಪುವುದಿಲ್ಲ. ಅದರ ಮೊದಲ ಹಂತದಲ್ಲೇ 'ಒನ್‌ಡ್ರೈವ್' ಹೆಸರಿನ ಫೋಲ್ಡರನ್ನು ಇಂಗ್ಲಿಷ್‌ನಲ್ಲಿ ಮಾಡಿ, ಎಕ್ಸ್‌ಟರ್ನಲ್‌ನಲ್ಲಿರುವುದನ್ನೆಲ್ಲ ಅದಕ್ಕೆ ಕಾಪಿ ಮಾಡಿ. ಆಮೇಲೆ ಒನ್‌ಡ್ರೈವ್‌ಗೆ ಸೈನ್ ಇನ್ ಆಗಿ. ಫೋಲ್ಡರ್ ಎಲ್ಲಿರಬೇಕು ಎಂದು ಕೇಳುವ ಪರದೆಯಲ್ಲಿ 'ಚೇಂಜ್ ಲೊಕೇಶನ್' ಒತ್ತಿ ಡಿ ಡ್ರೈವ್ ತೋರಿಸಿ. ಇಲ್ಲಿ ಆಗಲೇ ಫೋಲ್ಡರ್ ಇದೆ ಎಂದು ಹೇಳುತ್ತದೆ, 'ಯೂಸ್ ದಿಸ್ ಫೋಲ್ಡರ್' ಕೊಡಿ. ಆಮೇಲೆ ಎರಡೂ ಕಡೆಯ ಫೈಲ್‌ಗಳನ್ನು ಅದು ಹೋಲಿಸಿ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ನಿಲ್ಲಿಸಬೇಡಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪನ್ನು 'ನೆವರ್' ಮಾಡಿಡಿ. ಮುಗಿದ ಮೇಲೆ ಇಡೀ ಫೋಲ್ಡರ್‌ಗೆ 'ಆಲ್ವೇಸ್ ಕೀಪ್' ಕೊಡಿ.

ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಎಕ್ಸ್‌ಟರ್ನಲ್ ಪ್ರತಿ ಹಳೆಯದಾಗಿದ್ದು, ನಡುವೆ ಕ್ಲೌಡ್‌ನಲ್ಲಿ 'ಮದುವೆ' ಫೋಲ್ಡರನ್ನು 'ಮದುವೆ 2019' ಎಂದು ಬದಲಿಸಿದ್ದೀರಿ ಅನ್ನಿ. ಒನ್‌ಡ್ರೈವ್‌ಗೆ ಅವೆರಡೂ ಬೇರೆ ಬೇರೆ. ಹಳೆ ಹೆಸರಿನದು ಹೊಸದಾಗಿ ಮೇಲೇರಿ, 30 ಜಿಬಿ ಫೋಲ್ಡರ್ ಎರಡಾಗುತ್ತದೆ. ಹಿಂದೆ ಅಳಿಸಿದ್ದ ಫೈಲ್‌ಗಳೂ ಹೀಗೇ ವಾಪಸ್ ಬರುತ್ತವೆ. ಅದಕ್ಕೆ ಜೋಡಿಸುವ ಮೊದಲು ಲ್ಯಾಪ್‌ಟಾಪ್‌ನ ಫೋಲ್ಡರ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮೇಲಿನ ಎರಡು ಹಂತವಾದರೂ ತಾಳೆ ನೋಡಿ. ಒಂದೇ ಹೆಸರಿನ ಫೈಲ್‌ನಲ್ಲಿ ವ್ಯತ್ಯಾಸ ಕಂಡರೆ ಒಂದರ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಸೇರಿಕೊಳ್ಳುತ್ತದೆ. ಆ ಹೆಸರು ಹಾಕಿ ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಇನ್ನೊಂದು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಬ್ಯಾಕಪ್ ಆನ್ ಮಾಡುತ್ತೀರಾ ಎಂದು ಕೇಳಿದಾಗ ಮೂರು ಯಂತ್ರದಲ್ಲೂ ಹೂಂ ಅನ್ನಬೇಡಿ. ಒಂದೇ ಖಾತೆಯಾದ್ದರಿಂದ ಮೂರರ ಶಾರ್ಟ್‌ಕಟ್‌ಗಳೂ ಕಲಸಿಹೋಗುತ್ತವೆ.

ಲೆಕ್ಕಪುಸ್ತಕ:
ಟ್ಯಾಲಿ ಡೇಟಾ ಫೋಲ್ಡರನ್ನು ಸಿಂಕ್ ಫೋಲ್ಡರಿನಲ್ಲಿ ಇಡಬೇಡಿ ಸರ್, ದಯವಿಟ್ಟು. ಅದು ಒಂದು ಫೈಲಲ್ಲ, ಒಂದಕ್ಕೊಂದು ಹೊಂದಿಕೊಂಡಿರಬೇಕಾದ ಹಲವು ಫೈಲ್‌ಗಳ ಗುಂಪು. ಸಿಂಕ್ ಪ್ರೋಗ್ರಾಂ ಅವನ್ನು ಒಂದೊಂದಾಗಿ ಬೇರೆ ಬೇರೆ ಗಳಿಗೆಯಲ್ಲಿ ಸಾಗಿಸುತ್ತದೆ. ಒಂದು ಕಡೆ ವೋಚರ್ ಹಾಕುತ್ತಿರುವಾಗಲೇ ಇನ್ನೊಂದು ಕಡೆ ಅದೇ ಕಂಪನಿ ತೆರೆದಿದ್ದರೆ ಅರ್ಧ ಹೊಸದು, ಅರ್ಧ ಹಳೆಯದು ಸೇರಿ ಡೇಟಾ ಕೆಡುತ್ತದೆ. ಡೇಟಾ ಡೆಸ್ಕ್‌ಟಾಪ್‌ನ ಸಾಧಾರಣ ಫೋಲ್ಡರಿನಲ್ಲಿರಲಿ. ದಿನದ ಕೊನೆಗೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ಬ್ಯಾಕಪ್ ತೆಗೆದು, ಅದನ್ನು ಮಾತ್ರ ಒನ್‌ಡ್ರೈವ್‌ನೊಳಗೆ ವಾರದ ದಿನಕ್ಕೊಂದರಂತೆ ಏಳು ಫೋಲ್ಡರ್‌ಗಳಲ್ಲಿ ಇಡಿ. ಔಟ್‌ಲುಕ್‌ನ ಪಿಎಸ್‌ಟಿ ಫೈಲ್‌ಗೂ (ಇಮೇಲ್‌ಗಳನ್ನು ಕೂಡಿಡುವ ಫೈಲ್) ಇದೇ ಮಾತು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಟ್ಯಾಲಿಯನ್ನು ಹೊರಗೇ ಇಡುತ್ತೇನೆ. ಇನ್ನೆರಡು ಅನುಮಾನ. ಗೂಗಲ್ ಡ್ರೈವ್‌ನ ಜಿ ಡ್ರೈವ್‌ಗೆ 40 ಜಿಬಿ ಕಾಪಿ ಮಾಡಿದರೆ ಸಿ ಡ್ರೈವ್ ಯಾಕೆ ತುಂಬುತ್ತದೆ? ಮತ್ತೆ, ಉಬುಂಟು (ಲಿನಕ್ಸ್) ಹಾಕಿದ ಹಳೆಯ ಯಂತ್ರವೊಂದಿದೆ, ಇನ್ನೊಂದು ಪ್ರತಿ ಅದಕ್ಕೆ ಹಾಕಬಹುದೇ?

ಕಡತಕೋಶ:
ಜಿ ಡ್ರೈವ್ ನಿಜವಾದ ಡಿಸ್ಕ್ ಅಲ್ಲ. ಸ್ಟ್ರೀಮ್ ವಿಧಾನದಲ್ಲಿ (ಫೈಲ್ ಕ್ಲೌಡ್‌ನಲ್ಲಿದ್ದು ಬೇಕಾದಾಗ ಇಳಿಯುವ ಕ್ರಮ) ನೀವು ಹಾಕಿದ್ದು ಮೊದಲು ಸಿ ಡ್ರೈವ್‌ನ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಕೂತು, ಅಲ್ಲಿಂದ ಅಪ್‌ಲೋಡ್ ಆಗುತ್ತದೆ. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 40 ಜಿಬಿಗೆ ನಾಲ್ಕೂವರೆ ಗಂಟೆ, ಅಲ್ಲಿಯವರೆಗೂ ಜಾಗ ಅದರದೇ. ಪ್ರಿಫರೆನ್ಸಸ್‌ನ ಗಿಯರ್ ಗುರುತಿನೊಳಗೆ ಕ್ಯಾಶ್ ಫೋಲ್ಡರನ್ನು ಡಿ ಡ್ರೈವ್‌ಗೆ ಬದಲಿಸಿಕೊಳ್ಳಬಹುದು. ಕ್ಯಾಶ್ ಫೋಲ್ಡರನ್ನು ಕೈಯಿಂದ ಅಳಿಸಬೇಡಿ, ಮೇಲೇರದ ಫೈಲ್‌ಗಳಿಗೆ ಅದೊಂದೇ ಜಾಗ. ಹಾಗೇ, ಗೂಗಲ್ ಡಾಕ್ಸ್ ಮತ್ತು ಶೀಟ್ಸ್ ಫೈಲ್‌ಗಳು ಡಿಸ್ಕ್‌ನಲ್ಲಿ ಬರೀ ಕೊಂಡಿ, ಬರಹ ಅದರೊಳಗಿರುವುದಿಲ್ಲ. ಅವುಗಳ ಪ್ರತಿ ಬೇಕಿದ್ದರೆ ಖಾತೆಯ ಡೇಟಾ ಇಳಿಸಿಕೊಳ್ಳುವ ಸೇವೆಯಾದ ಗೂಗಲ್ ಟೇಕ್‌ಔಟ್‌ನಿಂದ ತೆಗೆಯಿರಿ.

ಹಾರ್ಡ್‌ಡಿಸ್ಕ್_ಹುಬ್ಬಳ್ಳಿ:
ಉಬುಂಟು ಯಂತ್ರಕ್ಕೆ ಖಂಡಿತ ಹಾಕಿ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ, ಒಂದು ಕಡೆ ಕೆಟ್ಟದ್ದು ಎಲ್ಲ ಕಡೆ ಕೆಡುತ್ತದೆ. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ನೇರವಾಗಿ ಫೋಲ್ಡರ್ ಸಿಂಕ್ ಮಾಡುವ ಸಿಂಕ್‌ಥಿಂಗ್ ಪ್ರೋಗ್ರಾಂ ಅನ್ನು ಎರಡೂ ಕಡೆ ಹಾಕಿ, ಡೆಸ್ಕ್‌ಟಾಪ್‌ನ ಒನ್‌ಡ್ರೈವ್ ಫೋಲ್ಡರನ್ನು 'ಸೆಂಡ್ ಓನ್ಲಿ', ಉಬುಂಟು ಕಡೆ 'ರಿಸೀವ್ ಓನ್ಲಿ' ಮಾಡಿ. ಉಬುಂಟು ಕಡೆಯಲ್ಲೇ ಫೈಲ್ ವರ್ಷನಿಂಗನ್ನೂ (ಹಳೆಯ ಪ್ರತಿ ಉಳಿಸಿಕೊಳ್ಳುವ ಆಯ್ಕೆ) ಆನ್ ಮಾಡಿ, ಆಗ ಡೆಸ್ಕ್‌ಟಾಪ್‌ನಲ್ಲಿ ಅಳಿಸಿದ್ದು ಅಲ್ಲಿ ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತದೆ. ಇದನ್ನು ಲ್ಯಾಪ್‌ಟಾಪ್‌ನಿಂದ ಮಾಡಬೇಡಿ, ಮೋಡದ ಗುರುತಿನ ಫೈಲ್‌ಗಳೆಲ್ಲ ಇಳಿಯತೊಡಗುತ್ತವೆ.

ಕನ್ನಡದಲ್ಲಿ ಉದ್ದ ಹೆಸರಿಡುವವರು ಒಂದು ಗಮನಿಸಬೇಕು. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್, ವಿಂಡೋಸ್‌ನಲ್ಲಿ 255 ಅಕ್ಷರಸಂಕೇತ. ಯೂನಿಕೋಡ್‌ನ ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಸ್ತ್ರೀ' ಎಂಬ ಒಂದಕ್ಷರದಲ್ಲೇ ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ವಿರಾಮ, ರ, ಈಕಾರ ಸೇರಿ ಆರು ಸಂಕೇತ, ಅಂದರೆ 18 ಬೈಟ್. ಸುಮಾರು 85 ಸಂಕೇತ ದಾಟಿದ ಹೆಸರು ವಿಂಡೋಸ್‌ನಲ್ಲಿ ಸಲೀಸಾಗಿ ಇದ್ದರೂ ಉಬುಂಟುಗೆ ಹೋಗುವುದಿಲ್ಲ. ಸಿಂಕ್‌ಥಿಂಗ್‌ನಲ್ಲಿ 'ಔಟ್ ಆಫ್ ಸಿಂಕ್' ಎಂದು ಕೆಲವೇ ಫೈಲ್ ಉಳಿದುಬಿಟ್ಟರೆ ಮೊದಲು ಅವುಗಳ ಹೆಸರು ಕಿರಿದು ಮಾಡಿ ನೋಡಿ.