ವಾಚು ಆಮೇಲಾಯ್ತು, ಮೊದಲು ಕುರ್ಚಿ ನೋಡು

ಪುಟ್ಟೀ, ಟೈಪ್ ಮಾಡ್ತಾ ಕೂತ್ರೆ ಸಂಜೆಯಾಗುತ್ತೆ, ವಾಯ್ಸಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳು. ಹಿಂದೆ ಸದ್ದು ಬರ್ತಿರೋದು ಮಳೆ, ತಗಡಿನ ಮೇಲೆ ಹೊಡೀತಿದೆ.

ಅಕ್ಕ ಆಪರೇಷನ್ ಮುಗಿಸಿ ಸಾಗರದ ಮನೆಗೆ ಬಂದ್ಲು, ಬಿದ್ರೆ ನಿನ್ನ ಫೋನಿಗೆ ಸುದ್ದಿ ಮುಟ್ಟಿಸೋ ವಾಚ್ ತರಿಸ್ಲಾ ಅಂತ ಕೇಳಿದೀಯಲ್ಲ. ಹೋದ ಆಷಾಢದಲ್ಲಿ ನಮ್ಮತ್ತೆ ಬಚ್ಚಲ ಬಾಗಿಲಲ್ಲಿ ಜಾರಿ ಸೊಂಟದ ಹತ್ರ ಮೂಳೆ ಮುರ್ಕೊಂಡಾಗ ನಾವೂ ಮೊದಲು ತರಿಸಿದ್ದು ಅದನ್ನೇ. ಬ್ಯಾಡ ಅನ್ನಲ್ಲ. ಧಡಕ್ಕನೆ ಬಿದ್ರೆ ಅದಕ್ಕೆ ಗೊತ್ತಾಗುತ್ತೆ, ಗೋಡೆ ಹಿಡ್ಕೊಂಡು ಮೆಲ್ಲಗೆ ಕುಸಿದ್ರೆ ಗೊತ್ತಾಗದೇ ಹೋಗಬಹುದು. ಕರೆಂಟ್ ಹೋದ್ರೆ ವೈಫೈನೂ ಹೋಯ್ತು, ಟವರ್ ಕತೆ ನಿಂಗೇ ಗೊತ್ತು. ಅದಕ್ಕಿಂತ, ಅತ್ತೆ ಸ್ನಾನಕ್ಕೆ ಹೋಗೋವಾಗ ಅದನ್ನ ಬಿಚ್ಚಿ ಬಚ್ಚಲ ಹೊರಗಿನ ಮೊಳೆಗೆ ನೇತಾಕ್ತಿದ್ರು ಮಾರಾಯ್ತಿ! ಬಿದ್ದ ಜಾಗ ಬಚ್ಚಲು, ವಾಚು ಮೊಳೆ ಮೇಲೆ.

ಅವರನ್ನ ಎದ್ದು ಓಡಾಡೋ ಹಾಗೆ ಮಾಡಿದ್ದು ನನ್ನ ಹಳೇ ಫೋನು. ಫಿಸಿಯೋ, ಅಂದ್ರೆ ವ್ಯಾಯಾಮ ಹೇಳಿಕೊಡೋರು, ಇರೋದು ಶಿವಮೊಗ್ಗದಲ್ಲಿ. ಮಂಡಗದ್ದೆ ತಿರುವುಗಳಲ್ಲಿ ಒಂದ್ಸಲ ಹೋಗಿ ಬಂದ್ರೆ ಅತ್ತೆ ಎರಡು ದಿನ ಹಾಸಿಗೆ. ಹಾಗಾಗಿ ಮೊದಲು ಒಂದ್ಸಲ ಎದುರಿಗೇ ತೋರಿಸಿ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಆಪರೇಷನ್ ಮಾಡಿದ ಡಾಕ್ಟರ ಹತ್ರ ಕೇಳ್ಕೊಂಡು (ಇದನ್ನ ನೀನೂ ಮರೀಬೇಡ), ಆಮೇಲೆ ವಿಡಿಯೋ ಕಾಲ್ ಶುರು ಮಾಡಿದ್ವಿ. ಮಳೇಲಿ ಅರ್ಧಕ್ಕರ್ಧ ಕಾಲ್ ಕಟ್ಟಾಗ್ತಿತ್ತು. ಆಗ ಫಿಸಿಯೋನೇ, ರೆಕಾರ್ಡ್ ಮಾಡಿ ಕಳ್ಸಿ, ರಾತ್ರಿ ನೋಡ್ತೀನಿ ಅಂದ್ರು. ಅದೇ ಅನುಕೂಲ ಆಯ್ತು. ನಾನು ಬರೀ ಮುಖ ಬರೋ ಹಾಗೆ ಹಿಡೀತಿದ್ದೆ, ಅವರು ಪಾದದಿಂದ ತಲೆವರೆಗೆ ಕಾಣಲಿ, ಎದುರಿಂದ ಒಂದು ಪಕ್ಕದಿಂದ ಒಂದು ಅಂದ್ರು. ಹಾಗೆ ತೆಗೆದಾಗಲೇ ಗೊತ್ತಾಗಿದ್ದು, ಅತ್ತೆ ಕುರ್ಚಿಯಿಂದ ಏಳೋವಾಗ ಪೂರ್ತಿ ಭಾರ ಒಳ್ಳೇ ಕಾಲಿಗೇ ಕೊಡ್ತಿದಾರೆ, ನೋವಿನ ಕಾಲು ಮುಂದೆ ಚಾಚಿ ಸುಮ್ನೆ ಇಟ್ಟಿರ್ತಾರೆ. ದಿನಾ ಪಕ್ಕದಲ್ಲೇ ನಿಂತಿದ್ರೂ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ.

ಕುರ್ಚಿ ಮಾತ್ರ ಪ್ಲಾಸ್ಟಿಕ್‌ದು ಬ್ಯಾಡ, ಜಾರುತ್ತೆ. ಕೈ ಇರೋ ಮರದ ಕುರ್ಚಿ, ಬೆನ್ನು ಗೋಡೆಗೆ ತಾಗಿಸಿ ಇಡು. ಒಬ್ಬರು ಪಕ್ಕದಲ್ಲಿ ಇರಲೇಬೇಕು. 30 ಸೆಕೆಂಡಲ್ಲಿ ಎಷ್ಟು ಸಲ ಕೈ ಊರದೆ ಎದ್ದು ಕೂರ್ತಾರೆ ಅಂತ ಎಣಿಸೋದು. ಅತ್ತೆಗೆ ಮೊದಲು ಒಂದೂ ಆಗ್ಲಿಲ್ಲ. ಮೂರನೇ ತಿಂಗಳಿಗೆ 6. ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರೋದು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳ್ದು, ಮಗ ಫೋನಲ್ಲಿ ಸ್ಟಾಪ್‌ವಾಚ್ ಒತ್ತೋದು. 34ರಿಂದ ಶುರುವಾಗಿದ್ದು, ಈಗ 17. ವ್ಯಾಯಾಮ ಅಂದ್ರೆ ಮುಖ ಸಿಂಡರಿಸೋ ಹೆಂಗಸು, ಈಗ ತಾವೇ 'ನಿನ್ನೆ ಎಷ್ಟಿತ್ತೋ?' ಅಂತ ಮೊಮ್ಮಗನ್ನ ಕೇಳ್ತಾರೆ.

ಭಾವ ರೂಮಿಗೆ ಕ್ಯಾಮೆರಾ ಹಾಕ್ಸಿ ಅಂತ ಹೇಳಿದಾರೆ. ಅಕ್ಕನ್ನ ಕೇಳಿ ಹಾಕ್ಸಿ. ನಮ್ಮನೇಲಿ ಹಾಕಿದ್ದಕ್ಕೆ ಅತ್ತೆ ಮಾರನೇ ದಿನವೇ ಟವೆಲ್ ಹೊದೆಸಿದ್ರು.

ಕ್ಯಾಮೆರಾಕ್ಕೆ ಹಾಕೋ ದುಡ್ಡಲ್ಲಿ ಮೊದಲು ಡಿಜಿಟಲ್ ಬಿಪಿ ಮಿಷನ್ ತಗೋ. ಮಲಗಿರೋವಾಗ ಒಂದ್ಸಲ, ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದ್ರೆ ಡಾಕ್ಟರಿಗೆ ಹೇಳು, ನೀನೇ ಮಾತ್ರೆ ನಿಲ್ಲಿಸಬೇಡ. ಅತ್ತೆಗೆ 26 ಇಳೀತಿತ್ತು! ನಾವು ಇಷ್ಟು ದಿನ ಬಚ್ಚಲ ಪಾಚಿಗೆ ಬೈತಾ ಇದ್ವಿ. ಡಾಕ್ಟರು ಬಿಪಿ ಮಾತ್ರೆ ಬದಲಿಸಿದ ಮೇಲೆ ಬೆಳಗ್ಗೆ ತಲೆ ತಿರುಗೋದು ಕಡಿಮೆ ಆಯ್ತು. ಪಾಚಿನೂ ತಿಕ್ಕಿಸು ಮತ್ತೆ, ಬಚ್ಚಲ ದಾರಿಗೆ ಕರೆಂಟ್ ಹೋದ್ರೂ ಉರಿಯೋ ಸೆನ್ಸಾರ್ ಬಲ್ಬ್ ಹಾಕ್ಸು.

ಫೋನಿನ ಸ್ಟ್ಯಾಂಡ್ ಹುಡುಕಬೇಡ, ನಂದು ಒಂದಿದೆ. ನಾಳೆ ಬೆಳಗ್ಗೆ ಸಾಗರದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ, ಯಾರನ್ನಾದ್ರೂ ಬಸ್‌ಸ್ಟ್ಯಾಂಡಿಗೆ ಕಳ್ಸು.